ಮರಳಿನ ಮೇಲಿನ ಲೆಕ್ಕ

ಲಂಡನ್ನಿನ ಹೊರವಲಯದ ಶಾಲೆಯೊಂದರಲ್ಲಿ ಮಗಳನ್ನು ‘ರಿಸೆಪ್ಷನ್’ ತರಗತಿಗೆ ಸೇರಿಸಿದಾಗ ಅವಳಿಗೆ ನಾಲ್ಕು ವರ್ಷ. ನಮ್ಮೂರಿನ ಎಲ್‌ಕೆಜಿ ಎನ್ನಿ. ಮೊದಲ ವಾರವೇ ತಂದೆತಾಯಿಯರನ್ನು ಕರೆದು ತರಗತಿ ತೋರಿಸಿದರು. ಅಗಲವಾದ ತಟ್ಟೆಯಲ್ಲಿ ಮರಳು ಹರಡಿತ್ತು. ಮಕ್ಕಳು ‘ಸ್ಸ್’ ಎಂದು ಬಾಯಲ್ಲಿ ಹೇಳುತ್ತ, ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಪಕ್ಕದ ಮೇಜಿನಲ್ಲಿ ಗುಂಡಿಗಳನ್ನು ಹತ್ತರವರೆಗೆ ಎಣಿಸುವ ಆಟ. “ಎಂಥ ಹೊಸ ವಿಧಾನ!” ಎಂದರು ಪಕ್ಕದಲ್ಲಿದ್ದವರು. ನನಗೆ ನೆನಪಾದದ್ದು ಹಡಗಲಿಯ ನಮ್ಮಜ್ಜ. ಕೂಲಿಮಠದಲ್ಲಿ ಐಗಳ ಮುಂದೆ ಕೂತು ಮರಳಿನಲ್ಲಿ ಅಕ್ಷರ ತಿದ್ದಿದವರು. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಎಂಬತ್ತು ದಾಟಿದ ಮೇಲೂ ತಪ್ಪದೆ ಒಪ್ಪಿಸುತ್ತಿದ್ದರು.

ಇಂದಿನ ತಟ್ಟೆಗೆ ಬೇರೆ ಮೂಲಗಳೂ ಇರಬಹುದು. ಆದರೆ ಒಮ್ಮೆ ಇಂಗ್ಲೆಂಡಿನ ಶಾಲೆಗಳಿಗೆ ಮರಳು ನಮ್ಮ ಕಡೆಯಿಂದಲೇ ಹೋಗಿತ್ತು.

ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್ 1789ರಲ್ಲಿ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಕನಾದ. ಒಂದು ದಿನ ಸ್ಥಳೀಯ ಶಾಲೆಯೊಂದರಲ್ಲಿ ಮಕ್ಕಳು ನೆಲದ ಮರಳಿನಲ್ಲಿ ಬರೆಯುವುದನ್ನು ಕಂಡ. ಕಾಗದ ಬೇಡ, ಮಸಿ ಬೇಡ. ತಪ್ಪಾದರೆ ಅಂಗೈಯಿಂದ ಸವರಿದರಾಯಿತು. ಅದನ್ನು ತನ್ನಲ್ಲೂ ಮಾಡಿಸಲು ಹೊರಟಾಗ ಮೇಷ್ಟ್ರುಗಳು ಒಪ್ಪಲಿಲ್ಲ. ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಹುಡುಗನಿಂದಲೇ ಚಿಕ್ಕ ಮಕ್ಕಳಿಗೆ ಪಾಠ ಹೇಳಿಸಿದ. 1797ರಲ್ಲಿ ಈ ಪ್ರಯೋಗದ ಬಗ್ಗೆ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ. ಜೋಸೆಫ್ ಲ್ಯಾಂಕಾಸ್ಟರ್ ಕೂಡ ಲಂಡನ್ನಿನ ತನ್ನ ಶಾಲೆಯಲ್ಲಿ ಚಿಕ್ಕವರಿಗೆ ಮರಳಿನಲ್ಲೇ ಬರೆಸಿದ. 1811ರಲ್ಲಿ ಹುಟ್ಟಿದ ನ್ಯಾಷನಲ್ ಸೊಸೈಟಿ ಬೆಲ್‌ನ ‘ಮದ್ರಾಸ್ ಪದ್ಧತಿ’ಯನ್ನು ಬಡಮಕ್ಕಳ ಶಾಲೆಗಳಿಗೆ ಹರಡಿತು. ಬೆಲ್ 1832ರಲ್ಲಿ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡಿದರು.

ಇಷ್ಟು ತಿಳಿದಾಗ ನನಗೆ ಹೆಮ್ಮೆ ಉಕ್ಕಿತು. ಕನ್ನಡ ಬಳಗದ ಊಟದಲ್ಲಿ ನಾಲ್ಕು ಜನರಿಗೆ ಹೇಳಿಯೂ ಹೇಳಿದೆ. ಆದರೆ ನಾನು ಸಿ.ಎ. ಮಾಡಿದವನು. ಜಮೆಯನ್ನಷ್ಟೇ ಓದಿ ಪುಸ್ತಕ ಮುಚ್ಚುವ ಅಭ್ಯಾಸವಿಲ್ಲ.

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿ ಕಲೆಕ್ಟರ್ ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ಅವುಗಳಲ್ಲಿ 235 ಕನ್ನಡದವು, ಮಕ್ಕಳು 6,641. ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಕಡಿಮೆ ಖರ್ಚಿನಲ್ಲಿ ಬರಹ ಕಲಿಸುವುದನ್ನೂ ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುವುದನ್ನೂ ಆತ ಮನಸಾರೆ ಮೆಚ್ಚಿದ. ಇಂಗ್ಲೆಂಡ್ ಅದನ್ನು ಅನುಕರಿಸಿದ್ದು ಸರಿಯೇ ಎಂದ. ಜನ ಬಡವಾಗುತ್ತಿದ್ದಾರೆ, ಮಕ್ಕಳ ಓದಿನ ಖರ್ಚು ಅವರಿಂದ ಆಗುತ್ತಿಲ್ಲ, ಶಾಲೆಗಳು ಕ್ಷೀಣಿಸುತ್ತಿವೆ ಎಂದೂ ಬರೆದ. ಕಂಪನಿಯ ನೌಕರನೇ ಕಂಪನಿಯ ಕಾಲದ ಬಗ್ಗೆ ಬರೆದ ಮಾತು ಇದು.

ಅದೇ ವರದಿಯಲ್ಲಿ ಇನ್ನೆರಡು ಸಂಗತಿಗಳಿವೆ. ಮಕ್ಕಳು ಪದ್ಯಗಳನ್ನು ಅರ್ಥ ತಿಳಿಯದೆ ಗಿಳಿಯಂತೆ ಒಪ್ಪಿಸುತ್ತಿದ್ದರು. ಮತ್ತು 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ 60. ನೂರಕ್ಕೆ ಒಬ್ಬಳೂ ಇಲ್ಲ.

ಈ ಅರವತ್ತರ ಹತ್ತಿರ ನಾನು ಬಹಳ ಹೊತ್ತು ನಿಂತೆ. ಆ ವರದಿಗೂ ನಮ್ಮಜ್ಜಿಗೂ ನಡುವೆ ನೂರು ವರ್ಷ. ಅಜ್ಜ ಹೋದ ಕೂಲಿಮಠ ಅಜ್ಜಿಯ ತವರಿನ ಓಣಿಯಲ್ಲೇ ಇತ್ತು. ಹುಡುಗರ ಮಗ್ಗಿ ಅವಳಿಗೆ ಗೋಡೆಯಾಚೆಯಿಂದ ಕೇಳುತ್ತಿತ್ತಂತೆ. ಸೇರು, ಪಾವಿನ ಲೆಕ್ಕವನ್ನು ಅಜ್ಜನಿಗಿಂತ ಬೇಗ ಬಾಯಲ್ಲೇ ಮಾಡುತ್ತಿದ್ದಳು. ಹೊಲದ ಕಾಗದಕ್ಕೆ ಮಾತ್ರ ಕೊನೆಯವರೆಗೂ ಹೆಬ್ಬೆಟ್ಟು ಒತ್ತಿದಳು.

ನಮ್ಮ ಮರಳು ಸೀಮೆ ದಾಟಿ ಹೋದದ್ದು ನಿಜ. ಓಣಿಯಲ್ಲೇ ಇದ್ದ ಹುಡುಗಿಯ ಬೆರಳಿಗೆ ಸಿಗದೆ ಹೋದದ್ದೂ ಅಷ್ಟೇ ನಿಜ. ಮೊದಲನೆಯದನ್ನು ಹೇಳುವಾಗ ಎರಡನೆಯದನ್ನೂ ಈಗ ಹೇಳುತ್ತೇನೆ.

ಶನಿವಾರ ಮನೆಯಲ್ಲಿ ತಟ್ಟೆಗೆ ರವೆ ಹರಡಿ ಮಗಳಿಗೆ ಕೊಡುತ್ತೇನೆ. ಮೊನ್ನೆ ‘ಅ’ ತಿದ್ದಿ, “ಅಂದ್ರೆ ಏನಪ್ಪಾ?” ಎಂದಳು. “ಅ ಅಂದ್ರೆ ಅಜ್ಜಿ” ಎಂದೆ. ಯಾವ ಅಜ್ಜಿ ಎಂದು ಕೇಳಿದಳು. ಕೂತು ಹೇಳಿದೆ.