ನೆಲದ ಕಲ್ಲಿಗೆ ಹುಳಿಯೇ ಹಗೆ

ಹಬ್ಬ ಹತ್ತಿರವಾದಾಗ ಹಳೆಯ ಮನೆಗಳಲ್ಲಿ ಒಂದು ಪ್ರಮಾದ ನಡೆಯುವುದುಂಟು. ಮಾಸಿದ ಶಹಾಬಾದ್ ಕಲ್ಲಿನ ನೆಲವನ್ನು ಬೆಳಗಲೆಂದು ಬಚ್ಚಲು ತೊಳೆಯುವ ಆ್ಯಸಿಡ್ ತಂದು ಸುರಿಯುತ್ತಾರೆ. ಬುಸುಬುಸು ನೊರೆ ಏಳುತ್ತದೆ. ಕೊಳೆ ಹೋಗುತ್ತಿದೆ ಎಂದು ಮನೆಯವರಿಗೆ ಸಮಾಧಾನ. ನೆಲ ಒಣಗಿದ ಮೇಲೆ ನೋಡಿದರೆ, ಎರಡು ಮೂರು ತಲೆಮಾರುಗಳ ಓಡಾಟದಿಂದ ಬಂದಿದ್ದ ನುಣುಪು ಮಾಯವಾಗಿ ಬಿಳಿಚಿಕೊಂಡ ಒರಟು ಕಲ್ಲು ಉಳಿದಿರುತ್ತದೆ. ಕರಗಿ ಹೋದದ್ದು ಕೊಳೆಯಷ್ಟೇ ಅಲ್ಲ, ಕಲ್ಲು ಕೂಡ.

ಇದಕ್ಕೆ ಕಾರಣ ಕಲ್ಲಿನ ಹುಟ್ಟಿನಲ್ಲೇ ಇದೆ. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ ಪರಿಸರದಲ್ಲಿ ಸಿಗುವ ಇದು ಭೀಮಾ ಶಿಲಾಸಮೂಹದ ಸುಣ್ಣಕಲ್ಲು. 50 ಕೋಟಿ ವರ್ಷಗಳಿಗೂ ಹಿಂದೆ ಕಡಲ ತಳದಲ್ಲಿ ಸುಣ್ಣದ ಕೆಸರು ಪದರಪದರವಾಗಿ ಕುಳಿತು ಗಟ್ಟಿಯಾದದ್ದು. ಆದ್ದರಿಂದಲೇ ಉಳಿ, ಹಾರೆಗಳಿಂದ ಎಬ್ಬಿಸಿದರೂ ಸಮತಟ್ಟಾದ ಚಪ್ಪಡಿಯಾಗಿ ಏಳುತ್ತದೆ. 1871ರಲ್ಲಿ ಮುಂಬೈ ಕಡೆಯ ರೈಲುಮಾರ್ಗ ಈ ಸೀಮೆಯನ್ನು ಹಾದು ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಹಳಿಯ ಮಗ್ಗುಲಲ್ಲೇ ಇದ್ದ ಕಲ್ಲಿಗೆ ದೂರದ ಊರುಗಳ ದಾರಿ ತೆರೆಯಿತು. ಊರಿನ ಹೆಸರೇ ಕಲ್ಲಿನ ಹೆಸರಾಯಿತು. ಮುಂದೆ ಇದೇ ಸುಣ್ಣಕಲ್ಲು ಅಲ್ಲಿನ ಸಿಮೆಂಟ್ ಕಾರ್ಖಾನೆಗಳ ಕಚ್ಚಾವಸ್ತುವೂ ಆಯಿತು.

ಸುಣ್ಣಕಲ್ಲಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಾಗಿದೊಡನೆ ಅದು ಕರಗಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನಾವು ಕಾಣುವ ನೊರೆ ಅದೇ. ತಾಮ್ರದ ಕೊಡವನ್ನು ಫಳಫಳ ಹೊಳೆಯಿಸುವ ಹುಣಸೆಹಣ್ಣು ಈ ನೆಲವನ್ನು ಮಂಕಾಗಿಸುವುದೂ ಇದರಿಂದಲೇ. ಅಡುಗೆಕಟ್ಟೆಯ ಕರಿಯ ಕಡಪ ಕಲ್ಲು, ದೇವರಮನೆಯ ಅಮೃತಶಿಲೆ ಇವೂ ಅದೇ ಕುಲದವು. ಗ್ರಾನೈಟ್ ಮಾತ್ರ ಬೇರೆ ಜಾತಿ. ನಿಂಬೆಹುಳಿಗೆ ಅಷ್ಟು ಸುಲಭವಾಗಿ ಬಗ್ಗದು.

ಇನ್ನೊಂದು ಶತ್ರು ಮರಳು. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಸುಣ್ಣಕಲ್ಲಿನ ಸ್ಥಾನ ಸುಮಾರು 3, ಮರಳಿನದು 7. ಕಾಲಿಗಂಟಿ ಬಂದ ಮರಳಿನ ಮೇಲೆ ಒದ್ದೆ ಬಟ್ಟೆ ಎಳೆದರೆ ಉಪ್ಪುಕಾಗದದಿಂದ ಉಜ್ಜಿದಂತೆಯೇ. ಗುಡಿಸದೆ ಒರೆಸಬಾರದು ಎಂಬ ಹಿರಿಯರ ಮಾತು ಬರಿಯ ಮಡಿಯಲ್ಲ.

ಹಾಗಾದರೆ ಆರೈಕೆ ಹೇಗೆ? ದಿನವೂ ಗುಡಿಸಿ, ಬರಿಯ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಜಿಡ್ಡಿದ್ದರೆ ತುಸು ಸೌಮ್ಯವಾದ ಸೋಪಿನ ನೀರು. ಸಾರು, ಮಜ್ಜಿಗೆ, ನಿಂಬೆರಸ ಚೆಲ್ಲಿದರೆ ತಡಮಾಡದೆ ಒರೆಸಬೇಕು. ಎಣ್ಣೆ ಕಲೆಗೆ ಮುಲ್ತಾನಿ ಮಿಟ್ಟಿಯನ್ನು ನೀರಿನಲ್ಲಿ ಕಲಸಿ ದಪ್ಪನಾಗಿ ಮೆತ್ತಿ, ಒಣಗಿದ ಮೇಲೆ ತೆಗೆಯಬೇಕು. ಜೇಡಿ ಒಣಗುತ್ತಾ ಜಿಡ್ಡನ್ನು ಹೀರಿಕೊಳ್ಳುತ್ತದೆ. ಹಳದಿಗಟ್ಟಿದ ತಾಜ್‌ಮಹಲಿನ ಅಮೃತಶಿಲೆಗೆ ಪುರಾತತ್ವ ಇಲಾಖೆ 1994ರಿಂದ ಹಲವು ಬಾರಿ ಮಾಡಿದ್ದೂ ಈ ಮಣ್ಣಿನ ಲೇಪವನ್ನೇ.

ಆ್ಯಸಿಡ್ ತಿಂದ ನೆಲಕ್ಕೆ ಮತ್ತೆ ಸಾಣೆ ಹಿಡಿಸಬಹುದು, ಆದರೆ ಪ್ರತಿ ಸಾಣೆಗೂ ಕಲ್ಲು ಒಂದಿಷ್ಟು ಸವೆಯುತ್ತದೆ. ನಿಮ್ಮ ಮನೆಯ ಕಲ್ಲು ಯಾವುದೆಂದು ಸಂಶಯವಿದ್ದರೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ನೋಡಿ. ಗುಳ್ಳೆ ಎದ್ದರೆ, ಒರೆಸಿದ ಮೇಲೆ ಮಂಕು ಕಲೆ ಉಳಿದರೆ, ಆ್ಯಸಿಡ್ ಬಾಟಲಿಯನ್ನು ಬಚ್ಚಲಿನಿಂದ ಈಚೆಗೆ ತರಬೇಡಿ.