ಪೆಟ್ಟಿಗೆಯ ಮೇಲಿನ ಚೀಟಿ

ಕಳೆದ ತಿಂಗಳು ಅಟ್ಟವನ್ನು ಶುಚಿಗೊಳಿಸುವಾಗ ನನ್ನ ಮೊದಲ ಕಂಪ್ಯೂಟರಿನ ಪೆಟ್ಟಿಗೆ ಕೆಳಗಿಳಿಯಿತು. ಅದರ ಮಗ್ಗುಲಿಗೆ ಅಂಟಿಸಿದ್ದ ‘ವಿಂಡೋಸ್ ಎಕ್ಸ್‌ಪಿ’ಯ ಚೀಟಿ ಇನ್ನೂ ಹಾಗೆಯೇ ಇದೆ, ಅದರ ಮೇಲಿನ 25 ಅಕ್ಷರಗಳಲ್ಲಿ ಅರ್ಧದಷ್ಟು ಮಾಸಿಹೋಗಿವೆ. ಆ ಚೀಟಿಗೆ ಸಂಬಂಧಿಸಿದ ಒಂದು ಪ್ರಸಂಗವನ್ನೂ ಅದರ ಹಿಂದಿರುವ ಇತಿಹಾಸವನ್ನೂ ನನ್ನ ಹಳೆಯ ವಿದ್ಯಾರ್ಥಿಗಳಿಗಾಗಿ ಬರೆದಿಡಬೇಕೆನಿಸಿತು. ನಿಮ್ಮಲ್ಲಿ ಹಲವರು ಇಂದು ಇದೇ ಉದ್ಯೋಗದಲ್ಲಿದ್ದೀರಿ. ತಪ್ಪು ಕಂಡರೆ ತಿದ್ದಿರಿ. ನಾನು ನಿಮ್ಮ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಷ್ಟು ನಿಷ್ಠುರವಾಗಿ ಬೇಡ.

2003ರಲ್ಲಿ, ನಿವೃತ್ತಿಯ ಹಣ ಕೈಸೇರಿದ ವರ್ಷ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಜೋಡಿಸಿದ ಕಂಪ್ಯೂಟರೊಂದನ್ನು ಕೊಂಡೆ. ವಿಂಡೋಸ್ ಬೇಡವೆಂದರೆ ಕೆಲವು ಸಾವಿರ ರೂಪಾಯಿ ಉಳಿಯುತ್ತದೆಂದೂ, ‘ಹಾಕಿಕೊಡುವ’ ವ್ಯವಸ್ಥೆ ಬೇರೆ ಇದೆಯೆಂದೂ ಅಂಗಡಿಯವರು ಸೂಚಿಸಿದರು. ನಾನು ಚೀಟಿ, ಸಿ.ಡಿ. ಎರಡನ್ನೂ ಹಣ ಕೊಟ್ಟೇ ಪಡೆದೆ. ಮುಂದಿನ ಮೂರು ವರ್ಷ ನಮ್ಮ ಹೋಬಳಿಯ ಸ್ಥಳಚರಿತ್ರೆಯನ್ನು ಅದರಲ್ಲಿ ಬೆರಳಚ್ಚು ಮಾಡಿದೆ. ಸುಮಾರು ಇನ್ನೂರು ಪುಟ. ಪ್ರತಿ ಬೇರೆಲ್ಲಿಯೂ ಇರಲಿಲ್ಲ. ಆ ಬುದ್ಧಿ ಆಗ ಇನ್ನೂ ಬಂದಿರಲಿಲ್ಲ.

2006ರ ಬೇಸಿಗೆಯಲ್ಲಿ ಯಂತ್ರ ತಾನಾಗಿಯೇ ನಿಂತು ಮತ್ತೆ ಆರಂಭವಾಗತೊಡಗಿತು. ಮೊದಲು ವಿದ್ಯುತ್ತನ್ನು ಬೈದೆ, ಅನಂತರ ಯು.ಪಿ.ಎಸ್. ಬದಲಿಸಿದೆ. ಕೊನೆಗೆ, ಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿದ್ದ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿಕಳುಹಿಸಿದೆ. ಆತನ ಹೆಸರು ಬೇಡ. 1988ರ ವಾರ್ಷಿಕ ಪರೀಕ್ಷೆಯಲ್ಲಿ ಆತನ ತೋಳಿನ ಮಡಿಕೆಯಿಂದ ಚೀಟಿಯೊಂದನ್ನು ಹಿಡಿದು ಕೊಠಡಿಯಿಂದ ಹೊರಗೆ ಕಳುಹಿಸಿದವನು ನಾನೇ. ಆ ವರ್ಷ ಆತ ಅನುತ್ತೀರ್ಣನಾದ.

ಬಂದವನು ಪೆಟ್ಟಿಗೆ ಬಿಚ್ಚಿ ಟಾರ್ಚು ಹಾಯಿಸಿ ತೋರಿಸಿದ. ಪ್ರೊಸೆಸರಿನ ಸುತ್ತ ಸಣ್ಣ ಡಬ್ಬಿಗಳಂತೆ ನಿಂತಿದ್ದ ಕೆಪಾಸಿಟರುಗಳಲ್ಲಿ ಐದರ ತಲೆ ಪೂರಿಯಂತೆ ಉಬ್ಬಿತ್ತು. ಒಂದರಿಂದ ಕಂದು ದ್ರವ ಒಸರಿತ್ತು. “ಇದು ನಿಮ್ಮೊಬ್ಬರ ಮನೇದಲ್ಲ ಮೇಷ್ಟ್ರೇ, ವಾರಕ್ಕೆ ನಾಲ್ಕು ಬರ್ತವೆ” ಎಂದ.

ಆತ ಹೇಳಿದ್ದು ನಿಜ. ಸುಮಾರು 1999ರಿಂದ 2007ರವರೆಗೆ ಜಗತ್ತಿನಾದ್ಯಂತ ಈ ಪಿಡುಗು ಹಬ್ಬಿತ್ತು. ಕೆಪಾಸಿಟರಿನ ಒಳಗಿನ ದ್ರವದಲ್ಲಿ ನೀರಿನ ಅಂಶವಿರುತ್ತದೆ. ಅದು ಅಲ್ಯೂಮಿನಿಯಮ್ ಹಾಳೆಯನ್ನು ತಿನ್ನದಂತೆ ತಡೆಯುವ ರಾಸಾಯನಿಕಗಳನ್ನೂ ಸೇರಿಸಬೇಕು. ಅವು ಸರಿಯಾಗಿರದಿದ್ದರೆ ಜಲಜನಕ ಉತ್ಪತ್ತಿಯಾಗಿ ಡಬ್ಬಿ ಉಬ್ಬುತ್ತದೆ. ಜಪಾನಿನ ಕಂಪನಿಯೊಂದರ ಸೂತ್ರವನ್ನು ಯಾರೋ ಕದ್ದೊಯ್ದರೆಂದೂ, ನಕಲು ಅಪೂರ್ಣವಾಗಿದ್ದುದರಿಂದ ತೈವಾನಿನಲ್ಲಿ ತಯಾರಾದ ಮಾಲು ಹೀಗಾಯಿತೆಂದೂ 2003ರ ವೇಳೆಗೆ ತಾಂತ್ರಿಕ ಪತ್ರಿಕೆಗಳಲ್ಲಿ ವರದಿಗಳು ಬಂದವು. ಕಳ್ಳತನದ ಕಥೆ ನ್ಯಾಯಾಲಯದಲ್ಲಿ ಸಿದ್ಧವಾದುದಲ್ಲ. ಆದರೆ ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆ ಮಾಡಿದ ನನಗೆ ಅದು ನಂಬಲಾರದ ಸಂಗತಿಯಾಗಿ ತೋರಲಿಲ್ಲ. ನಕಲು ಮಾಡುವವನು ಒಂದು ಸಾಲನ್ನು ಬಿಟ್ಟೇ ಬಿಡುತ್ತಾನೆ.

ಹಳೆಯ ಪ್ರೊಸೆಸರು ಕೂರುವಂಥ ಹೊಸ ಮದರ್‌ಬೋರ್ಡನ್ನು ಆತ ಹುಡುಕಿ ತಂದ. ಜೋಡಿಸಿ ಗುಂಡಿ ಒತ್ತಿದರೆ ನೀಲಿ ಪರದೆ! ಇನ್ನೂರು ಪುಟಗಳೂ ಹೋದವೆಂದು ಕುಸಿದು ಕುಳಿತೆ. ಅವು ಹೋಗಿರಲಿಲ್ಲ. ಹಾರ್ಡ್‌ಡಿಸ್ಕಿನೊಡನೆ ಮಾತನಾಡುವ ಭಾಗ ಮದರ್‌ಬೋರ್ಡಿನಲ್ಲಿರುತ್ತದೆ. ಹೊಸ ಬೋರ್ಡಿನ ಆ ಭಾಗದ ಭಾಷೆ ಹಳೆಯ ವಿಂಡೋಸಿಗೆ ತಿಳಿಯದೆ, ತನ್ನ ಡಿಸ್ಕನ್ನೇ ಗುರುತಿಸಲಾರದೆ ಅದು ನಿಂತುಬಿಟ್ಟಿತ್ತು. ಆತ ಡಿಸ್ಕನ್ನು ಅಳಿಸಲಿಲ್ಲ. ಸಿ.ಡಿ. ಹಾಕಿ, ಇರುವುದನ್ನೇ ದುರಸ್ತಿ ಮಾಡುವ ಆಯ್ಕೆಯನ್ನು ಆರಿಸಿದ. ಕಡತಗಳು ಉಳಿಯುತ್ತವೆ, ವ್ಯವಸ್ಥೆ ಮಾತ್ರ ಹೊಸದಾಗುತ್ತದೆ.

ನಡುವೆ ಚೀಟಿಯ 25 ಅಕ್ಷರಗಳನ್ನು ಕೇಳಿತು. ನಾನು ಕನ್ನಡಕ ಹಾಕಿ ಓದಿದೆ. ತಪ್ಪೆಂದಿತು. ಮತ್ತೆ ಓದಿದೆ, ಮತ್ತೆ ತಪ್ಪು. ಆಗ ಆತ ಒಂದು ಗುಟ್ಟು ಹೇಳಿಕೊಟ್ಟ. ಆ ಸಾಲಿನಲ್ಲಿ ಸೊನ್ನೆಯಾಗಲಿ ಒಂದಾಗಲಿ ಐದಾಗಲಿ ಬರುವುದೇ ಇಲ್ಲ. ಇಂಗ್ಲಿಷಿನ ಸ್ವರಾಕ್ಷರಗಳೂ ಇಲ್ಲ. ಗೊಂದಲವಾಗಬಾರದೆಂದು ಬಿಟ್ಟಿದ್ದಾರೆ. ಆದರೂ ‘ಬಿ’ ಮತ್ತು 8 ಎರಡೂ ಉಳಿದುಕೊಂಡಿವೆ. ನಾನು ‘ಬಿ’ ಎಂದು ಓದಿದ್ದು 8 ಆಗಿತ್ತು.

ಎಲ್ಲ ಮುಗಿಯಿತೆನ್ನುವಾಗ ಹೊಸ ಸೂಚನೆ ಬಂತು: ಗಡುವಿನೊಳಗೆ ಆಕ್ಟಿವೇಶನ್ ಮಾಡಿಸಬೇಕು. ಪ್ರಯತ್ನಿಸಿದರೆ ಒಪ್ಪಲಿಲ್ಲ. ನನ್ನ ವಿದ್ಯಾರ್ಥಿ ಚೀಲದಿಂದ ಹೆಸರಿಲ್ಲದ ಸಿ.ಡಿ.ಯೊಂದನ್ನು ತೆಗೆದ. “ಇದನ್ನ ಹಾಕಿಬಿಡ್ತೀನಿ ಮೇಷ್ಟ್ರೇ, ಇನ್ನು ಯಾವತ್ತೂ ಕೇಳೋದಿಲ್ಲ.” ಆಮೇಲೆ ನಕ್ಕು, “ಈ ಸಲ ಹಿಡಿಯೋರು ಯಾರೂ ಇಲ್ಲ” ಎಂದ. ಹದಿನೆಂಟು ವರ್ಷಗಳ ಅನಂತರ ಆ ಮಾತು ನನ್ನ ಮನೆಯಲ್ಲಿ, ನನ್ನ ಮುಂದೆ ಬಂದಿತ್ತು. ಏನು ಹೇಳಬೇಕೋ ತಿಳಿಯಲಿಲ್ಲ. ಕಾಫಿ ತರಿಸಿದೆ.

ಯಂತ್ರವನ್ನು ಕೊಂಡರೂ ಅದರೊಳಗಿನ ತಂತ್ರಾಂಶ ನಮ್ಮದಲ್ಲ ಎಂಬ ಕಲ್ಪನೆ ಬಹಳ ಹಳೆಯದೇನಲ್ಲ. ಐಬಿಎಂ ಸಂಸ್ಥೆ 1969ರ ಜೂನಿನಲ್ಲಿ ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆ ಕಟ್ಟುವುದಾಗಿ ಘೋಷಿಸುವವರೆಗೆ ಅದು ಬಹುಮಟ್ಟಿಗೆ ಯಂತ್ರದೊಡನೆಯೇ ಬರುತ್ತಿತ್ತು. ಮನೆಯ ಕಂಪ್ಯೂಟರಿನ ಮಟ್ಟಿಗೆ ಜಗಳ ಆರಂಭವಾದದ್ದು ಆಲ್ಟೇರ್ ಎಂಬ ಯಂತ್ರದಿಂದ. ಅದಕ್ಕಾಗಿ ಬರೆದ ಬೇಸಿಕ್ ಭಾಷೆಯ ಕಾಗದದ ಟೇಪೊಂದು 1975ರಲ್ಲಿ ಕ್ಯಾಲಿಫೋರ್ನಿಯದ ಹವ್ಯಾಸಿಗಳ ಕೈಗೆ ಸಿಕ್ಕಿ, ನಕಲಾಗಿ ಹರಡಿತು. 1976ರ ಫೆಬ್ರವರಿ 3ರ ದಿನಾಂಕದ ಬಹಿರಂಗ ಪತ್ರದಲ್ಲಿ ಬಿಲ್ ಗೇಟ್ಸ್, ಆಲ್ಟೇರ್ ಕೊಂಡವರಲ್ಲಿ ಬೇಸಿಕ್ ಕೊಂಡವರು ಶೇಕಡ 10ಕ್ಕಿಂತ ಕಡಿಮೆಯೆಂದು ದೂರಿದರು. ಆಗ ಅವರಿಗೆ 20 ವರ್ಷ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಗೆ ಕಂಪ್ಯೂಟರ್ ಪ್ರೋಗ್ರಾಮು ಸೇರಿದ್ದು 1984ರ ತಿದ್ದುಪಡಿಯಿಂದ. ಸೇರಿದ್ದಾದರೂ ಹೇಗೆ, ‘ಸಾಹಿತ್ಯ ಕೃತಿ’ ಎಂಬ ಹೆಸರಿನಲ್ಲಿ! ಪಂಪ, ಕುಮಾರವ್ಯಾಸರ ಪಂಕ್ತಿಯಲ್ಲಿ ವಿಂಡೋಸಿಗೂ ಎಲೆ ಹಾಕಿದಂತಾಯಿತು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಾನು ಮೂವತ್ತು ವರ್ಷ ನಿಮಗೆ ಹಂಚಿದ ಸೈಕ್ಲೋಸ್ಟೈಲ್ ಟಿಪ್ಪಣಿಗಳಲ್ಲಿ ಪುಟಗಟ್ಟಲೆ ಪರರ ಗ್ರಂಥಗಳಿಂದ ಇಳಿಸಿದ್ದವು. ಯಾವ ಗ್ರಂಥಕರ್ತರ ಅನುಮತಿಯನ್ನೂ ಕೇಳಿರಲಿಲ್ಲ. ಕಾಫಿ ಕುಡಿಯುತ್ತ ಇದೂ ನೆನಪಿಗೆ ಬಂದು ಉಪದೇಶ ಮಾಡುವ ಉತ್ಸಾಹ ಉಡುಗಿತು.

2001ರ ಅಕ್ಟೋಬರ್ 25ರಂದು ಬಿಡುಗಡೆಯಾದ ಎಕ್ಸ್‌ಪಿ, ತಾನಿರುವ ಯಂತ್ರದ ಹತ್ತು ಲಕ್ಷಣಗಳನ್ನು ನೆನಪಿಟ್ಟುಕೊಳ್ಳುತ್ತಿತ್ತು: ಪ್ರೊಸೆಸರು, ಹಾರ್ಡ್‌ಡಿಸ್ಕು, ಸಿ.ಡಿ. ಡ್ರೈವು, ನೆಟ್‌ವರ್ಕ್ ಕಾರ್ಡು ಇತ್ಯಾದಿ. ಬರ್ಲಿನ್ನಿನ ಒಂದು ಸಂಸ್ಥೆ ಬಿಡುಗಡೆಗೂ ಮೊದಲೇ ಇದರ ಒಳಗುಟ್ಟನ್ನು ಬಿಡಿಸಿ ಪ್ರಕಟಿಸಿತ್ತು. ಒಂದೆರಡು ಬದಲಾದರೆ ಅದು ಸಹಿಸುತ್ತದೆ. ಮದರ್‌ಬೋರ್ಡಿನ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಆದರೆ ನೆಟ್‌ವರ್ಕ್, ಚಿತ್ರಪರದೆ, ಡಿಸ್ಕ್ ನಿಯಂತ್ರಕಗಳು ಅದರ ಮೇಲೆಯೇ ಕೂತಿದ್ದರೆ ಬೋರ್ಡು ಹೋದಾಗ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಯಂತ್ರದೊಡನೆ ಕೊಟ್ಟ ಪರವಾನಗಿ ಆ ಯಂತ್ರಕ್ಕೇ ಮೀಸಲು. ಹೊಸ ಬೋರ್ಡು ಹಾಕಿದರೆ ಅದು ಹೊಸ ಯಂತ್ರವೆಂದೇ ಲೆಕ್ಕ. ಹಳೆಯದು ಕೆಟ್ಟದ್ದರಿಂದ ಬದಲಿಸಿದ್ದರೆ ಮಾತ್ರ ವಿನಾಯಿತಿ ಉಂಟು.

ಆ ವಿನಾಯಿತಿಯ ವಿಷಯ ನನ್ನ ವಿದ್ಯಾರ್ಥಿಗೂ ಕೇಳಿ ಗೊತ್ತಿತ್ತು. “ಫೋನ್ ಮಾಡಿ ಕೇಳಬಹುದು ಮೇಷ್ಟ್ರೇ, ಯಾರೂ ಮಾಡಲ್ಲ ಅಷ್ಟೆ” ಎಂದ. ಮಾಡೋಣ ಎಂದೆ. ಪರದೆಯ ಮೇಲಿನ 50 ಅಂಕಿಗಳನ್ನು ಆತ ಓದಿದ, ನಾನು ದೂರವಾಣಿಯಲ್ಲಿ ಒಪ್ಪಿಸಿದೆ, ಮಗ್ಗಿ ಹೇಳುವ ಹುಡುಗನಂತೆ. ಯಂತ್ರದ ಧ್ವನಿ ಒಪ್ಪದೆ ಮನುಷ್ಯರಿಗೆ ದಾಟಿಸಿತು. ಆ ಹೆಣ್ಣುಮಗಳು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಕಂಪ್ಯೂಟರುಗಳಲ್ಲಿ ಹಾಕಿದ್ದೀರಿ, ಏಕೆ ಬದಲಿಸಿದಿರಿ. ಒಂದು, ಬೋರ್ಡು ಕೆಟ್ಟಿತ್ತು. ಆಕೆ ಅಂಕಿಗಳ ಇನ್ನೊಂದು ಸಾಲನ್ನು ನಿಧಾನವಾಗಿ ಓದಿದಳು. ಆತ ಒತ್ತುತ್ತ ಹೋದ. ಸೂಚನೆ ಮಾಯವಾಯಿತು. ಆ ಸಂಜೆಯೇ ಸ್ಥಳಚರಿತ್ರೆಯನ್ನು ಎರಡು ಸಿ.ಡಿ.ಗಳಿಗೆ ಇಳಿಸಿಕೊಟ್ಟು, ಹೆಸರಿಲ್ಲದ ತನ್ನ ಸಿ.ಡಿ.ಯನ್ನು ಚೀಲಕ್ಕೆ ಹಾಕಿಕೊಂಡು ಆತ ಹೊರಟ. 1988ರ ಮಾತನ್ನು ಇಬ್ಬರೂ ಎತ್ತಲಿಲ್ಲ.

ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು ಬೆಂಬಲ ನಿಂತಿತು. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ ದೊಡ್ಡ ತಯಾರಕರ ಯಂತ್ರಗಳಲ್ಲಿ ಆ 25 ಅಕ್ಷರಗಳು ಮದರ್‌ಬೋರ್ಡಿನೊಳಗೇ ಅಡಗಿರುತ್ತವೆ; ಹೊರಗೆ ಓದಲು ಏನೂ ಇರುವುದಿಲ್ಲ.

ಚೀಟಿ ಸಿಕ್ಕ ದಿನ ಆತನಿಗೆ ಫೋನ್ ಮಾಡಿದೆ. ಈಗ ಆತನೂ ಅಜ್ಜನಾಗಿದ್ದಾನೆ. ಕಾಣಿಸುವಷ್ಟು ಅಕ್ಷರಗಳನ್ನು ಓದಿ ಹೇಳಿದೆ. ಮೂರನೆಯ ಗುಂಪಿಗೆ ಬರುವಷ್ಟರಲ್ಲಿ ಆತ ತಡೆದ: “ಮೇಷ್ಟ್ರೇ, ಅದು ಬಿ ಅಲ್ಲ, ಎಂಟು.”