ಸರಿ, ಒಳಲೆ, ಕೈತುತ್ತು: ಹಳೆ ಮೈಸೂರು ಸೀಮೆಯ ಎಳೆಮಕ್ಕಳ ಊಟದ ಇತಿಹಾಸ

ಮಗುವಿನ ಬಾಯಿಗೆ ಮೊದಲ ಬಾರಿ ಅನ್ನವಿಡುವ ಸಂಸ್ಕಾರವಾದ ಅನ್ನಪ್ರಾಶನಕ್ಕೆ ಆಶ್ವಲಾಯನ ಗೃಹ್ಯಸೂತ್ರವು ಆರನೆಯ ತಿಂಗಳನ್ನು ಗೊತ್ತುಪಡಿಸುತ್ತದೆ. ಸುಶ್ರುತ ಸಂಹಿತೆಯೂ ಅದೇ ತಿಂಗಳಲ್ಲಿ ಹಗುರವೂ ಹಿತವೂ ಆದ ಅನ್ನವನ್ನು ಉಣಿಸಬೇಕೆನ್ನುತ್ತದೆ. ಸಂಸ್ಕಾರವು ಒಂದು ದಿನಕ್ಕೆ ಮುಗಿಯುತ್ತದೆ, ಉಣಿಸುವ ಕೆಲಸವಾದರೋ ಅಂದಿನಿಂದ ಮೊದಲಾಗುತ್ತದೆ. ಮುಂದಿನ ಎರಡು ಮೂರು ವರ್ಷ, ಮಗು ತುಟಿ ಬಿಗಿದು ಮುಖ ತಿರುಗಿಸಿದಾಗಲೆಲ್ಲ ಏನು ಮಾಡಬೇಕೆಂಬುದನ್ನು ಕಂಡುಕೊಂಡದ್ದು ಅಡುಗೆಮನೆಯ ಹೆಂಗಸರು. ರಾಗಿಯನ್ನೇ ನೆಚ್ಚಿದ್ದ ಹಳೆ ಮೈಸೂರು ಸೀಮೆಯಲ್ಲಿ ಅವರ ಮೊದಲ ಆಸರೆ ರಾಗಿ ಸರಿ.

ಸರಿ ಎಂಬುದು ಎಳೆಮಕ್ಕಳಿಗಾಗಿ ಕಾಯಿಸುವ ನುಣುಪಾದ ಗಂಜಿ. ಅದರ ಹಿಟ್ಟಿಗಾಗಿ ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳಕೆ ಬರಿಸಿ, ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿ ಮೊಳಕೆಯ ಎಳೆಗಳನ್ನು ಕೇರಿ, ಹದವಾಗಿ ಹುರಿದು, ಬೀಸುವ ಕಲ್ಲಿನಲ್ಲಿ ಬೀಸಿ, ಕೊನೆಗೆ ತೆಳು ಬಟ್ಟೆಯಲ್ಲಿ ಜಾಲಿಸುತ್ತಿದ್ದರು. ಹೀಗೆ ಬಟ್ಟೆಯಲ್ಲಿ ಸೋಸಿ ತೆಗೆದ ಹಿಟ್ಟಿಗೆ ವಸ್ತ್ರಗಾಳಿತ ಎನ್ನುತ್ತಾರೆ. ಮೊಳಕೆ ಬರಿಸದೆ, ನೆನೆದ ರಾಗಿಯನ್ನು ರುಬ್ಬಿ ಹಾಲು ಹಿಂಡಿ ಬೆಲ್ಲದೊಡನೆ ಕಾಯಿಸುವ ಕರಾವಳಿಯ ರಾಗಿ ಮಣ್ಣಿ ಇದರ ಸೋದರ ತಿನಿಸು. ಇಷ್ಟೆಲ್ಲ ಶ್ರಮ ರುಚಿಗಾಗಿ ಮಾತ್ರವೆಂದು ತಿಳಿದರೆ ಅದರ ಜಾಣ್ಮೆ ಕಣ್ತಪ್ಪುತ್ತದೆ. ಸಾಮಾನ್ಯ ಹಿಟ್ಟನ್ನು ಬೇಯಿಸಿದರೆ ಪಿಷ್ಟ ಉಬ್ಬಿ ಗಂಜಿ ಗಟ್ಟಿಯಾಗುತ್ತದೆ, ನೀರು ಬೆರೆಸಿ ತೆಳುವಾಗಿಸಿದರೆ ಮಗುವಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳುವಾಗಿಯೇ ಉಳಿಯುತ್ತದೆ, ಆದ್ದರಿಂದ ನಾಲ್ಕು ಚಮಚಕ್ಕೇ ಬಾಯಿ ಮುಚ್ಚುವ ಮಗುವಿಗೂ ಒಂದಿಷ್ಟು ಸತ್ವ ಸೇರುತ್ತದೆ. ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು 1982ರಲ್ಲಿ ಪ್ರಕಟಿಸಿದ ಅಧ್ಯಯನವು, ಮೊಳಕೆ ರಾಗಿಗೆ ಹೆಸರುಕಾಳನ್ನು ಕೂಡಿಸಿ ಬಿಸಿಯಲ್ಲೂ ಗಟ್ಟಿಯಾಗದ ಶಿಶು ಆಹಾರವನ್ನು ರೂಪಿಸುವ ಬಗೆಯನ್ನು ವಿವರಿಸಿತು. ಬಟ್ಟೆಯ ಗಂಟಿನಲ್ಲಿ ನಡೆಯುತ್ತಿದ್ದ ಕ್ರಿಯೆಗೆ ಪ್ರಯೋಗಾಲಯದ ಸಮರ್ಥನೆ ಹೀಗೆ ದೊರೆಯಿತು.

ಸರಿಯನ್ನು ಉಣಿಸುವ ಸಾಧನ ಒಳಲೆ: ಒಂದು ಬದಿಗೆ ಮೂತಿಯಿರುವ, ಹಿತ್ತಾಳೆಯ ಅಥವಾ ಬೆಳ್ಳಿಯ ಪುಟ್ಟ ಪಾತ್ರೆ. ನೀಡಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು, ಅಜ್ಜಿಯೋ ತಾಯಿಯೋ ಒಳಲೆಯ ಮೂತಿಯನ್ನು ಬಾಯಂಚಿಗಿಟ್ಟು ಬಗ್ಗಿಸುತ್ತಿದ್ದರು. ಈ ಪದ್ಧತಿಯನ್ನು ವಾತ್ಸಲ್ಯದ ಚಿತ್ರವಾಗಿ ಮಾತ್ರ ನೋಡುವುದು ಸಲ್ಲದು, ಏಕೆಂದರೆ ಮಗುವಿನ ಬೇಡವೆಂಬ ಇಚ್ಛೆಗೆ ಅಲ್ಲಿ ಎಡೆಯೇ ಕಡಿಮೆ. ಅಳುವ ಮಗುವಿಗೆ ಹೊಯ್ದ ಆಹಾರ ನೆತ್ತಿಗೇರುವ ಅಪಾಯವೂ ಇತ್ತು. ಅದೇ ಪಾತ್ರೆಯನ್ನು ಇಂದು ಆಸ್ಪತ್ರೆಗಳು, ಮೊಲೆಯುಣ್ಣುವ ಬಲವಿಲ್ಲದ ಅವಧಿಪೂರ್ವ ಶಿಶುಗಳಿಗೆ ತಾಯಿಯ ಹಾಲನ್ನು ಕುಡಿಸಲು ಬಳಸುತ್ತವೆ.

ಮೊದಲ ವರ್ಷದಲ್ಲಿ ಹುಟ್ಟುತೂಕ ಸುಮಾರು ಮೂರು ಪಟ್ಟಾಗುತ್ತದೆ, ಎರಡನೆಯ ವರ್ಷದಲ್ಲಿ ಬೆಳವಣಿಗೆಯ ವೇಗ ತಗ್ಗುವುದರಿಂದ ಹಸಿವೂ ತಗ್ಗುತ್ತದೆ, ಅದರ ಬೆನ್ನಿಗೇ ಹೊಸ ತಿನಿಸನ್ನು ಶಂಕಿಸುವ ಸ್ವಭಾವವೂ ತಲೆಯೆತ್ತುತ್ತದೆ. ಇದು ತಿಳಿಯದಿದ್ದ ಕಾಲದಲ್ಲಿ ಉಣ್ಣದ ಮಗುವಿಗೆ ದೃಷ್ಟಿ ತಗುಲಿದೆಯೆಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದೇ ಮೊದಲ ಚಿಕಿತ್ಸೆಯಾಗಿತ್ತು. ಆದರೂ ಮನೆಯವರು ಅಷ್ಟಕ್ಕೇ ಕೈಕಟ್ಟಿ ಕೂರಲಿಲ್ಲ. ದೊಡ್ಡವರ ಸಾರಿಗೆ ಖಾರ ಹಾಕುವ ಮುನ್ನವೇ ಬೇಳೆಕಟ್ಟನ್ನು, ಎಂದರೆ ಬೆಂದ ಬೇಳೆಯ ತಿಳಿಯನ್ನು, ಮಗುವಿಗೆಂದು ತೆಗೆದಿಟ್ಟು ತುಪ್ಪದೊಡನೆ ಮೆತ್ತನೆಯ ಅನ್ನಕ್ಕೆ ಕಲಸುವುದು, ಮುದ್ದೆಯ ಚೂರನ್ನು ಬೆಣ್ಣೆಯಲ್ಲಿ ಅದ್ದುವುದು, ಹುರಿಹಿಟ್ಟಿಗೆ ಹಾಲು ಬೆಲ್ಲ ಬೆರೆಸುವುದು, ಸಂಜೆ ಎಲ್ಲ ಮಕ್ಕಳನ್ನೂ ಸುತ್ತ ಕೂರಿಸಿಕೊಂಡು ಮೊಸರನ್ನದ ಕೈತುತ್ತು ಹಾಕುವುದು ವಾಡಿಕೆಯಾಗಿದ್ದವು. ಕೈತುತ್ತಿನ ಗುಟ್ಟು ಅನ್ನದಲ್ಲಿರಲಿಲ್ಲ, ಸರದಿಯಲ್ಲಿತ್ತು: ಪಕ್ಕದವನು ಉಂಡದ್ದನ್ನು ಕಂಡ ಮಗು ತನ್ನ ಪಾಲನ್ನು ತಾನೇ ಕೇಳುತ್ತಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಡಬ್ಬಿಯ ಆಹಾರ ಈ ಲೋಕವನ್ನು ಪ್ರವೇಶಿಸಿತು. ಶಿಶುಗಳಿಗೆ ಜೀರ್ಣಿಸಲು ಕಷ್ಟವೆಂದು ಬಗೆದಿದ್ದ ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ಮೈಸೂರಿನ ಅದೇ ಸಂಸ್ಥೆ ರೂಪಿಸಿತು, ಗುಜರಾತಿನ ಆನಂದದ ಹಾಲು ಸಹಕಾರ ಒಕ್ಕೂಟ ಅದನ್ನು ಅಮುಲ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಡಬ್ಬಿಯ ಮೇಲಿನ ದುಂಡುಮುಖದ ಮಗುವಿನ ಚಿತ್ರ ತಾಯಂದಿರ ಮೇಲೆ ಬೀರಿದ ಪ್ರಭಾವ ಎಷ್ಟೆಂದರೆ, ತಾಯಿಹಾಲಿನ ಬದಲಿಗಳನ್ನು ನಿಯಂತ್ರಿಸುವ 1992ರ ಕಾಯಿದೆ ಅಂಥ ಚಿತ್ರಗಳನ್ನೂ ಜಾಹೀರಾತನ್ನೂ ನಿಷೇಧಿಸಬೇಕಾಯಿತು. 2003ರ ತಿದ್ದುಪಡಿಯು ಎರಡು ವರ್ಷದವರೆಗಿನ ಶಿಶು ಆಹಾರಗಳಿಗೂ ಜಾಹೀರಾತಿನ ತಡೆಯನ್ನು ವಿಸ್ತರಿಸಿತು. ಇತ್ತ ಸರ್ಕಾರವೂ ಉಣಿಸುವ ಹೊಣೆಯಲ್ಲಿ ಪಾಲುಗೊಂಡಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಮೊದಲ ತಾಣಗಳಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಒಂದು. ಮೂರು ವರ್ಷ ದಾಟಿದ ಮಕ್ಕಳು ಅಂಗನವಾಡಿಯಲ್ಲಿ ಸಾಲಾಗಿ ಕುಳಿತು ಉಣ್ಣುವಾಗ ಕೈತುತ್ತಿನ ಆ ಹಳೆಯ ಗುಟ್ಟು ಅಲ್ಲಿಯೂ ಕೆಲಸ ಮಾಡುತ್ತದೆ. ಅದಕ್ಕಿಂತ ಚಿಕ್ಕ ಮಕ್ಕಳ ಪಾಲಿನ ಹಿಟ್ಟು ಮಾತ್ರ ಪೊಟ್ಟಣದಲ್ಲಿ ಮನೆಗೆ ಹೋಗುತ್ತದೆ, ಅಲ್ಲಿ ಅದು ಎಷ್ಟೋ ಸಲ ಮನೆಮಂದಿಯ ರೊಟ್ಟಿಯಾಗಿಬಿಡುತ್ತದೆ.